ಸ್ಕೇಲು, ಜಗಲಿ, ಸೀಮೆಸುಣ್ಣ: ಮನೆಯಲ್ಲೇ ದಮ್ಮಿನ ಲೆಕ್ಕ

ಶಾಲೆಗೆ ಹೋಗುವ ಮಕ್ಕಳ ಬ್ಯಾಗಿನಲ್ಲಿರುವ 30 ಸೆಂಟಿಮೀಟರ್ ಸ್ಕೇಲನ್ನು ಒಬ್ಬರು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ಇಳಿಬಿಡುತ್ತಾರೆ. ಕೆಳಗೆ ಸೊನ್ನೆಯ ಗೆರೆಯ ಆಚೀಚೆ ಇನ್ನೊಬ್ಬರು ಹೆಬ್ಬೆರಳು, ತೋರುಬೆರಳುಗಳನ್ನು ಸ್ಕೇಲಿಗೆ ತಾಗಿಸದೆ ಹಿಡಿದು ಕಾಯುತ್ತಾರೆ. ಮೇಲಿನವರು ಹೇಳದೆ ಕೇಳದೆ ಸ್ಕೇಲನ್ನು ಬಿಟ್ಟುಬಿಡುತ್ತಾರೆ. ಕೆಳಗಿನವರು ತಟ್ಟನೆ ಬೆರಳು ಮುಚ್ಚುತ್ತಾರೆ. ಬೆರಳು ಯಾವ ಗೆರೆಯ ಮೇಲೆ ಕೂತಿತೋ ಅದೇ ಉತ್ತರ. 20 ಸೆಂ.ಮೀ. ಜಾರಿದ್ದರೆ ಹಿಡಿಯಲು 0.2 ಸೆಕೆಂಡು ಬೇಕಾಯಿತು ಎಂದರ್ಥ. 15ಕ್ಕೇ ಸಿಕ್ಕಿದ್ದರೆ 0.175 ಸೆಕೆಂಡು. ಬೀಳುವ ವಸ್ತು ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಬೀಳುತ್ತದೆ ಎನ್ನುವುದು ಹೈಸ್ಕೂಲಿನ ಭೌತಶಾಸ್ತ್ರ. ಭೂಮಿಯ ಗುರುತ್ವವೇ ಇಲ್ಲಿ ಸ್ಟಾಪ್‌ವಾಚ್.

ಈ ಸ್ಕೇಲಿನ ಮೇಲೆ 5 ಸೆಂ.ಮೀ. ಗುರುತಿಗೆ ಒಂದು ಸ್ವಾರಸ್ಯವಿದೆ. ಅಷ್ಟು ದೂರ ಬೀಳಲು ಬೇಕಾಗುವುದು ಹೆಚ್ಚುಕಡಿಮೆ 0.1 ಸೆಕೆಂಡು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದ ಪ್ರಕಾರ ಪಿಸ್ತೂಲಿನ ಸದ್ದಾದ ಮೇಲೆ 0.1 ಸೆಕೆಂಡಿಗಿಂತ ಬೇಗ ಕಾಲು ಒತ್ತಿದ ಓಟಗಾರ ಸದ್ದು ಕೇಳಿ ಹೊರಟವನಲ್ಲ, ಊಹೆಯ ಮೇಲೆ ಹೊರಟವನು. ಹಾಗಾಗಿ ಅದು ಫಾಲ್ಸ್ ಸ್ಟಾರ್ಟ್. 2022ರಲ್ಲಿ ಅಮೆರಿಕದ ಯೂಜೀನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 110 ಮೀಟರ್ ಹರ್ಡಲ್ಸ್ ಫೈನಲ್‌ನಿಂದ ಆತಿಥೇಯ ದೇಶದ ಡೆವನ್ ಆ್ಯಲನ್ ಅವರನ್ನು ಹೊರಗೆ ಕಳಿಸಿದರು. ಯಂತ್ರ ತೋರಿಸಿದ್ದು 0.099 ಸೆಕೆಂಡು. ಸ್ಕೇಲಿನ ಮೇಲೆ ಇದನ್ನು ಗುರುತಿಸಿದರೆ ವ್ಯತ್ಯಾಸ ಒಂದೇ ಒಂದು ಮಿಲಿಮೀಟರ್. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ 9.58 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದಾಗ ಅವರ ಪ್ರತಿಕ್ರಿಯೆಯ ಸಮಯ 0.146 ಸೆಕೆಂಡು, ಅಂದರೆ ಸ್ಕೇಲಿನಲ್ಲಿ ಸುಮಾರು ಹತ್ತೂವರೆ ಸೆಂಟಿಮೀಟರ್.

ಮನೆಯಲ್ಲಿ ಹತ್ತು ಸೆಂ.ಮೀ.ಗೇ ಸ್ಕೇಲು ಹಿಡಿದ ಹುಡುಗ ಬೋಲ್ಟ್‌ನನ್ನು ಸೋಲಿಸಿದೆ ಎಂದು ಕುಣಿದಾಡಬೇಕಾಗಿಲ್ಲ. ಓಟಗಾರ ಕಿವಿಯಿಂದ ಕೇಳಿ ಇಡೀ ಮೈಯನ್ನು ಬ್ಲಾಕಿನಿಂದ ತಳ್ಳುತ್ತಾನೆ, ಹುಡುಗ ಕಣ್ಣಿಂದ ನೋಡಿ ಎರಡು ಬೆರಳು ಮುಚ್ಚುತ್ತಾನೆ. ಕೆಲಸವೇ ಬೇರೆ. ಅಲ್ಲದೆ ಒಂದು ಸಲ ಹತ್ತಕ್ಕೆ ಸಿಕ್ಕರೆ ಅದರಲ್ಲಿ ಅದೃಷ್ಟದ ಪಾಲೂ ಇರುತ್ತದೆ. ಹತ್ತು ಸಲ ಬಿಟ್ಟು, ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ತೆಗೆದುಹಾಕಿ, ಉಳಿದ ಎಂಟರ ಸರಾಸರಿ ತೆಗೆದರೆ ಅದು ನಂಬುವಂಥ ಲೆಕ್ಕ. ಅದನ್ನು ಹೋಲಿಸಬೇಕಾದದ್ದು ಅದೇ ಹುಡುಗನ ಹೋದ ತಿಂಗಳ ಲೆಕ್ಕದ ಜೊತೆಗೆ.

ಮನೆಯಲ್ಲಿ ಮಾಡುವ ಎಲ್ಲ ಕಸುವಿನ ಪರೀಕ್ಷೆಗಳ ತಿರುಳೂ ಇದೇ. ಸಲಕರಣೆ ಇಲ್ಲ ಎನ್ನುವುದು ದೊಡ್ಡ ಕೊರತೆಯಲ್ಲ. ಪರೀಕ್ಷೆಯನ್ನು ಪ್ರತಿಸಲವೂ ಒಂದೇ ರೀತಿ ಮಾಡುವ ಶಿಸ್ತು ಇಲ್ಲದಿರುವುದೇ ಕೊರತೆ.

ಹಾಗೆ ನೋಡಿದರೆ ಇವತ್ತು ಹೆಸರು ಮಾಡಿರುವ ಎಷ್ಟೋ ಫಿಟ್‌ನೆಸ್ ಪರೀಕ್ಷೆಗಳು ಯಂತ್ರವಿಲ್ಲದ ಕಡೆ, ಅಥವಾ ಯಂತ್ರಕ್ಕೆ ನಿಲುಕದಷ್ಟು ಜನರಿದ್ದ ಕಡೆ ಹುಟ್ಟಿದವು. ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಯಾಮಶಾಲೆ ನಡೆಸಿದ್ದ ಡಡ್ಲಿ ಸಾರ್ಜೆಂಟ್, ನಿಂತಲ್ಲೇ ಎಷ್ಟೆತ್ತರ ಜಿಗಿಯುತ್ತಾರೆ ಎನ್ನುವುದನ್ನೇ ಮನುಷ್ಯನ ಬಲದ ಅಳತೆಯಾಗಿ 1921ರಲ್ಲಿ ಮುಂದಿಟ್ಟರು. ಅದೇ ವಿಶ್ವವಿದ್ಯಾಲಯದ ದಣಿವಿನ ಪ್ರಯೋಗಾಲಯದಲ್ಲಿದ್ದ ಬೆಲ್ಜಿಯಂ ಮೂಲದ ಲೂಸಿಯನ್ ಬ್ರೂಹಾ ಮತ್ತು ಸಂಗಡಿಗರು ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಸ್ಟೆಪ್ ಟೆಸ್ಟ್ ಪ್ರಕಟಿಸಿದರು. ಯುದ್ಧಕ್ಕೆ ಹೊರಟ ಸಾವಿರಾರು ಯುವಕರನ್ನು ಒಬ್ಬೊಬ್ಬರನ್ನಾಗಿ ಟ್ರೆಡ್‌ಮಿಲ್ ಹತ್ತಿಸುವುದು ಆಗದ ಮಾತು. ಬೆಂಚು ಮಾತ್ರ ಎಲ್ಲ ಕಡೆಯೂ ಇತ್ತು. 1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 115 ಮಂದಿಯನ್ನು ಹನ್ನೆರಡು ನಿಮಿಷ ಓಡಿಸಿ, ಅವರು ಕ್ರಮಿಸಿದ ದೂರವನ್ನು ಪ್ರಯೋಗಾಲಯದಲ್ಲಿ ಅಳೆದ ಆಮ್ಲಜನಕದ ಬಳಕೆಯ ಜೊತೆ ತಾಳೆ ನೋಡಿದರು. ಎರಡೂ ಚೆನ್ನಾಗಿಯೇ ಹೊಂದಿಕೊಂಡವು.

ಬೆಂಚಿನ ಪರೀಕ್ಷೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೂಲ ವಿಧಾನದಲ್ಲಿ ಬೆಂಚಿನ ಎತ್ತರ 20 ಇಂಚು, ಅಂದರೆ 50 ಸೆಂ.ಮೀ. ಚಿಲ್ಲರೆ. ಹಳೆಯ ಮನೆಗಳ ಜಗಲಿ, ಗಟ್ಟಿಮುಟ್ಟಾದ ಮರದ ಬೆಂಚು, ಆಟದ ಮೈದಾನದ ಗ್ಯಾಲರಿಯ ಮೆಟ್ಟಿಲು ಇವುಗಳಲ್ಲಿ ಒಂದಾದರೂ ಇದರ ಆಸುಪಾಸಿಗೆ ಬರುತ್ತದೆ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ. ನಿಮಿಷಕ್ಕೆ ಮೂವತ್ತು ಸಲ, ಅಂದರೆ ಎರಡು ಸೆಕೆಂಡಿಗೊಮ್ಮೆ, ಹತ್ತಿ ಇಳಿಯಬೇಕು. ಒಂದು ಕಾಲು ಮೇಲೆ, ಇನ್ನೊಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಇನ್ನೊಂದು ಕೆಳಗೆ. ಮೇಲೆ ಹೋದಾಗ ಮಂಡಿ, ಬೆನ್ನು ಪೂರ್ತಿ ನೆಟ್ಟಗಾಗಬೇಕು. ತಾಳ ತಪ್ಪದಿರಲು ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿಕೊಳ್ಳಬಹುದು, ಇಲ್ಲವೇ ಮನೆಯವರೊಬ್ಬರು ಚಪ್ಪಾಳೆ ತಟ್ಟಬಹುದು. ಹೀಗೆ ಐದು ನಿಮಿಷ. ಓದುವಾಗ ಸಲೀಸು ಎನಿಸುತ್ತದೆ. ಮೂರನೆಯ ನಿಮಿಷಕ್ಕೆ ತೊಡೆ ಉರಿಯತೊಡಗುತ್ತದೆ, ನಾಲ್ಕನೆಯದಕ್ಕೆ ಚಪ್ಪಾಳೆಯವರ ಮೇಲೆ ಸಿಟ್ಟು ಬರುತ್ತದೆ.

ಐದು ನಿಮಿಷ ಮುಗಿದೊಡನೆ ಕೂತುಬಿಡಬೇಕು. ಒಂದು ನಿಮಿಷ ಕಳೆದ ಮೇಲೆ ಅರ್ಧ ನಿಮಿಷ ನಾಡಿ ಎಣಿಸಬೇಕು. ಎರಡು ನಿಮಿಷ ಕಳೆದ ಮೇಲೆ ಮತ್ತೆ ಅರ್ಧ ನಿಮಿಷ, ಮೂರು ಕಳೆದ ಮೇಲೆ ಇನ್ನೊಮ್ಮೆ. ಹತ್ತಿ ಇಳಿದ ಸೆಕೆಂಡುಗಳನ್ನು ನೂರರಿಂದ ಗುಣಿಸಿ, ಮೂರೂ ಎಣಿಕೆಗಳ ಮೊತ್ತದ ಎರಡರಷ್ಟರಿಂದ ಭಾಗಿಸಿದರೆ ಅಂಕ ಸಿಗುತ್ತದೆ. ಉದಾಹರಣೆಗೆ ಐದು ನಿಮಿಷವನ್ನೂ ಪೂರೈಸಿದ ಕಬಡ್ಡಿ ಆಟಗಾರನೊಬ್ಬನ ಎಣಿಕೆ 75, 62, 53 ಎಂದುಕೊಳ್ಳೋಣ. ಮೊತ್ತ 190. ಮೂವತ್ತು ಸಾವಿರವನ್ನು 380ರಿಂದ ಭಾಗಿಸಿದರೆ 79. ಬ್ರೂಹಾ ಅವರ ಪಟ್ಟಿಯಲ್ಲಿ 90 ದಾಟಿದರೆ ಅತ್ಯುತ್ತಮ, 80ರಿಂದ 89 ಉತ್ತಮ, 65ರಿಂದ 79 ಸಾಧಾರಣಕ್ಕಿಂತ ಒಂದು ಕೈ ಮೇಲು, 55ಕ್ಕಿಂತ ಕೆಳಗೆ ಕಳಪೆ. ಈ ಆಟಗಾರ ಎರಡು ತಿಂಗಳು ಬಿಡದೆ ಓಡಿ, ಮೊತ್ತವನ್ನು 165ಕ್ಕೆ ಇಳಿಸಿದರೆ ಅಂಕ 91ಕ್ಕೆ ಏರುತ್ತದೆ.

ಇಲ್ಲಿ ಅಳೆಯುತ್ತಿರುವುದು ದಣಿವನ್ನಲ್ಲ, ದಣಿವು ಆರುವ ವೇಗವನ್ನು. ಪಳಗಿದ ಹೃದಯ ಕೆಲಸ ನಿಂತ ಕೂಡಲೇ ತಣ್ಣಗಾಗುತ್ತದೆ. ಆಟಗಾರರಲ್ಲದವರಿಗೂ ಇದು ಅನ್ವಯಿಸುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವ್ಯಾಯಾಮ ನಿಲ್ಲಿಸಿದ ಮೊದಲ ನಿಮಿಷದಲ್ಲಿ ನಾಡಿ ಹನ್ನೆರಡು ಬಡಿತದಷ್ಟೂ ಇಳಿಯದವರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತು.

ಬೆಂಚಿನ ಪರೀಕ್ಷೆಗೆ ಒಂದು ಊನವೂ ಉಂಟು. ಉದ್ದ ಕಾಲಿನವರಿಗೆ 20 ಇಂಚು ಲೆಕ್ಕಕ್ಕಿಲ್ಲ. ಐದಡಿಯ ಹುಡುಗಿಗೆ ಅದು ಗೋಡೆ ಹತ್ತಿದಂತೆ. ಕುಳ್ಳಗಿನವರು ಹದಿನಾರು ಇಂಚಿನ ಮೆಟ್ಟಿಲು ಹಿಡಿದರೆ ತಪ್ಪೇನಿಲ್ಲ. ಆದರೆ ಆಗ ಅಚ್ಚಾದ ಪಟ್ಟಿಯನ್ನು ಪಕ್ಕಕ್ಕಿಟ್ಟು, ತಮ್ಮ ಹಿಂದಿನ ಅಂಕವನ್ನಷ್ಟೇ ನೋಡಿಕೊಳ್ಳಬೇಕು.

ಮೆಟ್ಟಿಲೂ ಇಲ್ಲದವರಿಗೆ ಫ್ರಾನ್ಸಿನ ವೈದ್ಯ ರುಫಿಯೆ ಅವರ ದಾರಿ ಇದೆ. ಅದಕ್ಕೆ ಬೇಕಾದದ್ದು 45 ಸೆಕೆಂಡಿನಲ್ಲಿ ಮೂವತ್ತು ಬಸ್ಕಿ ಮಾತ್ರ. ಹೋಂವರ್ಕ್ ಮಾಡದೆ ಬಂದದ್ದಕ್ಕೆ ಬಸ್ಕಿ ಹೊಡೆದ ತಲೆಮಾರಿಗೆ, ಗರಡಿಮನೆಯಲ್ಲಿ ಸಾಮು ಮಾಡಿದವರಿಗೆ, ವಿವರಣೆ ಬೇಡ. ಮೊದಲು ಐದು ನಿಮಿಷ ಸುಮ್ಮನೆ ಕೂತು ನಾಡಿ ಎಣಿಸಬೇಕು. ಬಸ್ಕಿ ಮುಗಿದ ಕ್ಷಣ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಒಂದು ನಿಮಿಷದ ವಿಶ್ರಾಂತಿಯ ನಂತರ ಇನ್ನೊಮ್ಮೆ. ಮೂರನ್ನೂ ಕೂಡಿಸಿ, ಇನ್ನೂರು ಕಳೆದು, ಹತ್ತರಿಂದ ಭಾಗಿಸಬೇಕು. 64, 120, 80 ಬಂದರೆ ಮೊತ್ತ 264, ಅಂಕ 6.4. ಇಲ್ಲಿ ಅಂಕ ಇಳಿದಷ್ಟೂ ಒಳ್ಳೆಯದು. ಐದರೊಳಗೆ ಬಂದರೆ ಚೆನ್ನಾಗಿದೆ, ಐದರಿಂದ ಹತ್ತು ಸಾಧಾರಣ, ಹತ್ತು ದಾಟಿದರೆ ಮೈ ಬಗ್ಗಿಸುವುದು ಬಾಕಿ ಇದೆ. ಕಾಫಿ ಕುಡಿದ ಅರ್ಧ ಗಂಟೆಯೊಳಗೆ, ಊಟದ ಬೆನ್ನಲ್ಲೇ, ನಿದ್ದೆಗೆಟ್ಟ ಮರುದಿನ ಇದನ್ನು ಮಾಡಿದರೆ ಅಂಕ ಆಟಗಾರನದ್ದಾಗುವುದಿಲ್ಲ, ಕಾಫಿಯದ್ದಾಗುತ್ತದೆ.

ನಾಡಿ ನೋಡುವ ವಿಷಯದಲ್ಲೂ ಒಂದೆರಡು ಮಾತು. ಹೆಬ್ಬೆರಳಲ್ಲಿ ನೋಡಬಾರದು, ಅದಕ್ಕೆ ತನ್ನದೇ ಬಡಿತವಿದೆ. ತೋರುಬೆರಳು, ನಡುಬೆರಳನ್ನು ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಬದಿಗೆ ಇಟ್ಟರೆ ಸಿಗುತ್ತದೆ. ಕತ್ತಿನಲ್ಲಿ ನೋಡುವವರು ಒತ್ತಿ ಹಿಡಿಯಬಾರದು, ಒತ್ತಿದರೆ ಬಡಿತವೇ ನಿಧಾನವಾಗಬಹುದು. ಇನ್ನು ಕೈಗಡಿಯಾರಗಳೂ ಜಿಮ್‌ನ ಗೋಡೆಗಳೂ ಹೇಳುವ ‘220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ’ ಎಂಬ ಸೂತ್ರ ಅಂದಾಜು ಮಾತ್ರ. ಇಪ್ಪತ್ತರ ಹುಡುಗನಿಗೆ ಅದು 200 ಎನ್ನುತ್ತದೆ. ಅವನ ನಿಜವಾದ ಗರಿಷ್ಠ 190 ಇದ್ದರೂ 210 ಇದ್ದರೂ ಆಶ್ಚರ್ಯವಿಲ್ಲ.

ಓಟಕ್ಕೆ ಬಂದರೆ ಕೂಪರ್ ಪರೀಕ್ಷೆಯಷ್ಟು ಸರಳವಾದದ್ದು ಇನ್ನೊಂದಿಲ್ಲ. ಹನ್ನೆರಡು ನಿಮಿಷದಲ್ಲಿ ಎಷ್ಟು ಮೀಟರ್ ಓಡಿದರೋ ಅದರಲ್ಲಿ 504.9 ಕಳೆದು 44.73ರಿಂದ ಭಾಗಿಸಿದರೆ, ಮೈಯ ಒಂದೊಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲರು ಎಂಬ ಅಂದಾಜು ಸಿಗುತ್ತದೆ. 400 ಮೀಟರ್ ಟ್ರ್ಯಾಕಿನಲ್ಲಿ ಆರು ಸುತ್ತು ಹಾಕಿದವರಿಗೆ 42, ಏಳು ಸುತ್ತು ಹಾಕಿದವರಿಗೆ 51. ಬ್ರೆಜಿಲ್ ಫುಟ್ಬಾಲ್ ತಂಡದ ದೈಹಿಕ ತರಬೇತುದಾರರಲ್ಲೊಬ್ಬರಾದ ಕ್ಲಾಡಿಯೊ ಕುಟಿನೊ ಈ ಪರೀಕ್ಷೆಯನ್ನು 1970ರ ವಿಶ್ವಕಪ್ ತಯಾರಿಗೆ ಬಳಸಿದರು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ಮೆಕ್ಸಿಕೊ ನಗರದಲ್ಲಿ, ಗಾಳಿ ತೆಳುವಾದ ಕಡೆ, ಫೈನಲ್‌ನಲ್ಲಿ ಬ್ರೆಜಿಲ್ ಇಟಲಿಯನ್ನು 4–1ರಿಂದ ಸೋಲಿಸಿತು. ಗೆದ್ದದ್ದು ಪೆಲೆ, ಜೈರ್ಜಿನೊ, ಗೆರ್ಸನ್‌ರ ಕಾಲ್ಚಳಕ, ನಿಜ. ಆದರೆ ಆ ಕಾಲ್ಚಳಕಕ್ಕೆ ತೊಂಬತ್ತು ನಿಮಿಷವೂ ಉಸಿರಿತ್ತು.

ಭಾರತದ ಕ್ರಿಕೆಟ್ ಅಭಿಮಾನಿಗಳಿಗೆ ಹೆಚ್ಚು ಪರಿಚಯವಿರುವುದು ಯೋ-ಯೋ. ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ ಫುಟ್ಬಾಲಿಗರಿಗಾಗಿ ರೂಪಿಸಿದ ಈ ಪರೀಕ್ಷೆಯಲ್ಲಿ 20 ಮೀಟರ್ ಓಡಿ, ತಿರುಗಿ, ಮತ್ತೆ 20 ಮೀಟರ್ ವಾಪಸ್ ಬರಬೇಕು. ಆಮೇಲೆ ಹತ್ತು ಸೆಕೆಂಡು ಬಿಡುವು, ಅಷ್ಟರಲ್ಲಿ ಐದು ಮೀಟರ್ ಹೋಗಿ ಬರಬೇಕು. ಬೀಪ್ ಸದ್ದಿನ ನಡುವಿನ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. 2017ರ ಹೊತ್ತಿಗೆ ಭಾರತ ತಂಡ ಇದನ್ನು ಕಡ್ಡಾಯ ಮಾಡಿತು. ಆಗ ತೇರ್ಗಡೆಯ ಮಟ್ಟ 16.1, ಅಂದರೆ ಒಟ್ಟು 1,120 ಮೀಟರ್. ಒಂದೂಕಾಲು ಕಿಲೋಮೀಟರೂ ಇಲ್ಲವಲ್ಲ ಎನ್ನುವವರು 28 ಸಲ ಹೋಗಿ ಬಂದು, ಪ್ರತಿಸಲವೂ ತಿರುವಿನಲ್ಲಿ ಬ್ರೇಕ್ ಹಾಕಿ, ಮತ್ತೆ ವೇಗ ಹಿಡಿದು ನೋಡಬೇಕು. 2018ರ ಜೂನ್‌ನಲ್ಲಿ ಇದರಲ್ಲಿ ಎಡವಿದ ಮೊಹಮ್ಮದ್ ಶಮಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಅಫ್ಗಾನಿಸ್ತಾನದ ಚೊಚ್ಚಲ ಟೆಸ್ಟ್ ತಪ್ಪಿಸಿಕೊಂಡರು. ಐಪಿಎಲ್‌ನಲ್ಲಿ ರಾಶಿ ರಾಶಿ ರನ್ ಹೊಡೆದು ಬಂದಿದ್ದ ಅಂಬಟಿ ರಾಯುಡುಗೆ ಇಂಗ್ಲೆಂಡಿನ ಏಕದಿನ ಸರಣಿ ಕೈತಪ್ಪಿತು. ಶಮಿ ಮತ್ತೆ ತಂಡಕ್ಕೆ ಬಂದು ಬರೀ ಬೌಲಿಂಗ್‌ನಿಂದ ಪಂದ್ಯ ಗೆಲ್ಲಿಸಿದ್ದನ್ನು ನೋಡಿದವರಿಗೆ, ಒಂದು ದಿನದ ಬೀಪ್ ಸದ್ದಿಗೆ ಅಷ್ಟು ಅಧಿಕಾರ ಕೊಡಬೇಕೇ ಎಂಬ ಅನುಮಾನ ಹೋಗಿಲ್ಲ. ಹೋಗಬೇಕಾಗಿಯೂ ಇಲ್ಲ. ಪರೀಕ್ಷೆ ದಮ್ಮನ್ನು ತೋರಿಸುತ್ತದೆ, ಸೀಮ್ ನೆಟ್ಟಗಿಟ್ಟು ಚೆಂಡು ಬಿಡುವ ಕೈಯನ್ನು ತೋರಿಸುವುದಿಲ್ಲ.

ಬೀದಿಯಲ್ಲಿ ಯೋ-ಯೋ ಮಾಡುವುದು ಕಷ್ಟವಲ್ಲ. ಬೀಪ್ ಸದ್ದಿನ ಧ್ವನಿಮುದ್ರಣ ಮೊಬೈಲಿನಲ್ಲೇ ಸಿಗುತ್ತದೆ. ಬೇಕಾದದ್ದು 25 ಮೀಟರ್ ನೇರ ಜಾಗ. 30×40 ಸೈಟುಗಳ ಬಡಾವಣೆಯಲ್ಲಿ ಮೂರು ಸೈಟುಗಳ ಮುಂಭಾಗ ಕೂಡಿದರೆ 27 ಮೀಟರ್ ಆಯಿತು. ಹೆಜ್ಜೆಯಲ್ಲಿ ಅಳೆಯುವುದು ಬೇಡ, ಬಟ್ಟೆ ಹೊಲಿಯುವವರ ಟೇಪಿನಿಂದ ಉದ್ದನೆಯ ಹಗ್ಗವೊಂದನ್ನು ಒಂದು ಸಲ ಸರಿಯಾಗಿ ಅಳೆದು ಗಂಟು ಹಾಕಿಟ್ಟುಕೊಂಡರೆ ಎಲ್ಲಿ ಬೇಕಾದರೂ ಹಾಸಬಹುದು. ಮೊಬೈಲಿನ ಜಿಪಿಎಸ್ ಅನ್ನು ಇಲ್ಲಿ ನಂಬಲಾಗದು. ಆಕಾಶದಿಂದ ಬರುವ ಗುರುತು ಕೆಲವು ಮೀಟರ್ ಆಚೀಚೆಯಾಗುವುದು ಮಾಮೂಲು, 20 ಮೀಟರಿನ ತಿರುವುಗಳಲ್ಲಿ ಅದು ಲೆಕ್ಕವನ್ನೇ ಕೆಡಿಸುತ್ತದೆ. ಎರಡು ಕಿಲೋಮೀಟರ್ ಓಟಕ್ಕಾದರೆ ಪರವಾಗಿಲ್ಲ. ಆ ಓಟವನ್ನೂ ಕ್ರಿಕೆಟ್ ಮಂಡಳಿ 2021ರಲ್ಲಿ ಸೇರಿಸಿತ್ತು. ವೇಗದ ಬೌಲರ್‌ಗಳಿಗೆ 8 ನಿಮಿಷ 15 ಸೆಕೆಂಡು, ಉಳಿದವರಿಗೆ 8 ನಿಮಿಷ 30 ಸೆಕೆಂಡು. 2025ರಲ್ಲಿ ರಗ್ಬಿ ಮೈದಾನದಿಂದ ಬ್ರಾಂಕೊ ಎಂಬ ಓಟದ ಪರೀಕ್ಷೆ ಬಂತು. 20, 40, 60 ಮೀಟರ್ ದೂರಕ್ಕೆ ಹೋಗಿ ಬರುವುದು ಒಂದು ಸೆಟ್ಟು. ಬಿಡುವಿಲ್ಲದೆ ಐದು ಸೆಟ್ಟು ಮುಗಿಸಿದರೆ 1,200 ಮೀಟರ್. ತಾರಸಿಯ ಮೇಲೆ ಇವುಗಳಲ್ಲಿ ಯಾವುದಕ್ಕೂ ಕೈಹಾಕದಿರುವುದು ಒಳ್ಳೆಯದು.

ಕಾಲಿನ ಸಿಡಿತಕ್ಕೆ ಸಾರ್ಜೆಂಟರ ಜಿಗಿತ. ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಗೆ ಪಕ್ಕವಾಗಿ ನಿಂತು, ಹಿಮ್ಮಡಿ ಎತ್ತದೆ ಕೈಚಾಚಿ ಒಂದು ಗುರುತು. ಜಿಗಿದು ಇನ್ನೊಂದು ಗುರುತು. ನಡುವಿನ ಅಂತರವೇ ಜಿಗಿತ. ಆದರೆ ಇದರಲ್ಲಿ ಭುಜದ ಚಾಲಾಕಿತನ ಸೇರಿಕೊಳ್ಳುತ್ತದೆ. ಮೊದಲ ಗುರುತಿಗೆ ಕೈಯನ್ನು ಪೂರ್ತಿ ಚಾಚದೆ ಮೂರು ಸೆಂಟಿಮೀಟರ್ ಗಳಿಸಿಕೊಳ್ಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಮೊಬೈಲಿನ ಸ್ಲೋ ಮೋಷನ್ ಇದಕ್ಕೆ ಮದ್ದು. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನನ್ನು ನೆಲದ ಮಟ್ಟದಲ್ಲಿಟ್ಟು, ಕಾಲ್ಬೆರಳು ನೆಲ ಬಿಟ್ಟ ಚಿತ್ರದಿಂದ ನೆಲ ಮುಟ್ಟಿದ ಚಿತ್ರದವರೆಗೆ ಎಣಿಸಬೇಕು. 120 ಚಿತ್ರವಾದರೆ ಅರ್ಧ ಸೆಕೆಂಡು ಗಾಳಿಯಲ್ಲಿದ್ದಂತೆ. ಎತ್ತರ 30.7 ಸೆಂ.ಮೀ. 144 ಚಿತ್ರವಾದರೆ 44 ಸೆಂ.ಮೀ. ಗಾಳಿಯಲ್ಲಿದ್ದ ಸಮಯದ ವರ್ಗವನ್ನು 9.81ರಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತದೆ. ಎಣಿಕೆ ಒಂದು ಚಿತ್ರದಷ್ಟು ತಪ್ಪಿದರೂ ಆಗುವ ವ್ಯತ್ಯಾಸ ಅರ್ಧ ಸೆಂಟಿಮೀಟರ್. ಸೆಕೆಂಡಿಗೆ 30 ಚಿತ್ರದ ಮಾಮೂಲಿ ವಿಡಿಯೊದಲ್ಲಾದರೆ ಅದೇ ತಪ್ಪು ನಾಲ್ಕು ಸೆಂಟಿಮೀಟರ್ ಆಗುತ್ತದೆ. ಇಲ್ಲೂ ಕಳ್ಳದಾರಿ ಇದೆ. ಇಳಿಯುವಾಗ ಮಂಡಿ ಮಡಚಿಕೊಂಡರೆ ಪಾದ ತಡವಾಗಿ ನೆಲ ಮುಟ್ಟುತ್ತದೆ. ವಿಡಿಯೊದಲ್ಲಿ ಅದು ಎದ್ದು ಕಾಣುವುದರಿಂದ ಆ ಜಿಗಿತವನ್ನು ಕೈಬಿಡಬಹುದು.

ದಂಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಇಂಡಿಯಾನದ 1,104 ಅಗ್ನಿಶಾಮಕ ಸಿಬ್ಬಂದಿಯ ಅಧ್ಯಯನ 2019ರಲ್ಲಿ ಪ್ರಕಟವಾದಾಗ, ನಲವತ್ತಕ್ಕಿಂತ ಹೆಚ್ಚು ಪುಷ್-ಅಪ್ ಹೊಡೆದವರಿಗೆ ಹತ್ತೂ ಹೊಡೆಯಲಾಗದವರಿಗಿಂತ ಹೃದ್ರೋಗದ ಅಪಾಯ ಶೇ 96ರಷ್ಟು ಕಡಿಮೆ ಎಂಬ ಸುದ್ದಿ ವಾಟ್ಸ್‌ಆ್ಯಪ್ ತುಂಬ ಓಡಾಡಿತು. ಪುಷ್-ಅಪ್ ಹೃದಯವನ್ನು ಕಾಯಿತೋ, ಮೊದಲೇ ಗಟ್ಟಿಯಾಗಿದ್ದವರು ಹೆಚ್ಚು ಹೊಡೆದರೋ ಎನ್ನುವುದನ್ನು ಅಂಥ ಅಧ್ಯಯನ ಬಿಡಿಸಿ ಹೇಳಲಾರದು. ಮನೆಯಲ್ಲಿ ಎಣಿಸುವವರು ಎದೆಯ ಕೆಳಗೆ ಮಡಿಚಿದ ಟವೆಲ್ ಇಟ್ಟು, ಎದೆ ಅದಕ್ಕೆ ತಾಗಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಐವತ್ತು ಹೊಡೆಯುತ್ತೇನೆ ಎನ್ನುವವರ ಸಂಖ್ಯೆ ತಾನಾಗಿ ಇಳಿಯುತ್ತದೆ.

ಆಟಗಾರರಿಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಎಡಬಲದ ಹೋಲಿಕೆ. ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು ಒಂದು, ಸಾಮಾನ್ಯವಾಗಿ 25 ಸಲ ಎನ್ನುವುದು ವ್ಯಾಯಾಮ ಚಿಕಿತ್ಸಕರ ಅಳತೆಗೋಲು. ಇನ್ನೊಂದು ತೊಡೆಯ ಹಿಂಭಾಗದ ಸ್ನಾಯುವಿನದು. ಅಂಗಾತ ಮಲಗಿ, ಒಂದು ಹಿಮ್ಮಡಿಯನ್ನು ಸುಮಾರು 60 ಸೆಂ.ಮೀ. ಎತ್ತರದ ಬೆಂಚಿನ ಮೇಲಿಟ್ಟು, ಮಂಡಿಯನ್ನು ಕೊಂಚ ಬಗ್ಗಿಸಿ, ಇನ್ನೊಂದು ಕಾಲನ್ನು ಗಾಳಿಯಲ್ಲಿ ಹಿಡಿದು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಸೊಂಟ ಎತ್ತಬೇಕು, ನೆಲಕ್ಕೆ ತಾಗಿಸಿ ಮತ್ತೆ ಎತ್ತಬೇಕು, ಆಗದೆಂದು ಬಿಡುವವರೆಗೆ. ಆಸ್ಟ್ರೇಲಿಯನ್ ಫುಟ್ಬಾಲ್ ಆಟಗಾರರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದೆ ಬಲ ತೊಡೆಯ ಹ್ಯಾಮ್‌ಸ್ಟ್ರಿಂಗ್ ಗಾಯಕ್ಕೆ ತುತ್ತಾದವರ ಬಲಗಾಲಿನ ಎಣಿಕೆ ಋತುವಿಗೆ ಮೊದಲೇ ಕಡಿಮೆ ಇತ್ತು. ಇಪ್ಪತ್ತು ದಾಟದಿದ್ದರೆ ದುರ್ಬಲ, ಮೂವತ್ತು ದಾಟಿದರೆ ಒಳ್ಳೆಯದು ಎಂಬುದು ಅಲ್ಲಿನ ಅಳತೆ. ಹಾಕಿಯಲ್ಲಿ, ಕಬಡ್ಡಿಯಲ್ಲಿ, ವೇಗದ ಬೌಲಿಂಗ್‌ನಲ್ಲಿ ತಿಂಗಳುಗಟ್ಟಲೆ ಮೂಲೆಗೆ ಕೂರಿಸುವ ಗಾಯ ಇದು. ಎಡಗಾಲು 32, ಬಲಗಾಲು 21 ಎಂದು ಬಂದರೆ ಆ ಹನ್ನೊಂದರ ಅಂತರವನ್ನು ಮುಚ್ಚುವ ಕೆಲಸವನ್ನು ಆಟಗಾರ ಅವತ್ತೇ ಶುರುಮಾಡಬಹುದು. ಯೋ-ಯೋ ಅಂಕ ಅಂಥ ದಾರಿಯನ್ನು ತೋರಿಸುವುದಿಲ್ಲ.

ಚಿಕ್ಕ ಮಕ್ಕಳಿಗೆ ಇಷ್ಟೆಲ್ಲ ಬೇಡ. ಖೇಲೋ ಇಂಡಿಯಾದ ಶಾಲಾ ಪರೀಕ್ಷೆಯಲ್ಲಿ 5ರಿಂದ 8 ವರ್ಷದವರಿಗೆ ಎತ್ತರ-ತೂಕದ ಜೊತೆ ಇರುವುದು ಎರಡೇ. ಒಂಟಿ ಕಾಲಿನ ಕೊಕ್ಕರೆ ನಿಲುವು, ಮತ್ತು ಮೇಜಿನ ಮೇಲೆ ದೂರದೂರ ಇಟ್ಟ ಎರಡು ಬಿಲ್ಲೆಗಳನ್ನು ಒಂದೇ ಕೈಯಲ್ಲಿ ಆಚೆ ಈಚೆ 25 ಸುತ್ತು ತಟ್ಟುವುದು. ಮನೆಯಲ್ಲಿ ಬಿಲ್ಲೆಯ ಬದಲು ಎರಡು ತಟ್ಟೆ ಸಾಕು. ಮಕ್ಕಳು ಇದನ್ನು ಪರೀಕ್ಷೆ ಎಂದುಕೊಳ್ಳುವುದೇ ಇಲ್ಲ.

ಅಂಕಗಳು ಕೈಗೆ ಬಂದ ಮೇಲೆ ಅವುಗಳನ್ನು ಏನು ಮಾಡಬೇಕು ಎನ್ನುವಲ್ಲಿ ಹೆಚ್ಚಿನವರು ಜಾರುತ್ತಾರೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಜೊತೆ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ತ್ರೈರಾಶಿ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು, ಬೋಲ್ಟ್ ದಾಖಲೆ ಮುರಿಯಿತು ಎಂಬ ಸುದ್ದಿ ದೇಶ ಸುತ್ತಿತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು, ಗೌಡರನ್ನು ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆಸುವುದಾಗಿ ಹೇಳಿದರು. ಗೌಡರು ಒಪ್ಪಲಿಲ್ಲ. ಅವರ ಗಮನ ಕಂಬಳದ ಮೇಲಿತ್ತು. ಹಾಗೆ ನೋಡಿದರೆ ಆ ಗದ್ದಲದಲ್ಲಿ ಅಳತೆಯ ಬಗ್ಗೆ ವಿವೇಕದಿಂದ ನಡೆದುಕೊಂಡವರು ಅವರೊಬ್ಬರೇ. ಮುಂದೆ ಎಳೆಯುವ ಕೋಣ, ಕಾಲಡಿ ಕೆಸರು ನೀರು, ಬೇರೆ ಬಗೆಯ ಆರಂಭ. ದೂರ ಹೆಚ್ಚಿದಷ್ಟೂ ಹೊರಡುವಾಗಿನ ನಿಧಾನ ಸರಾಸರಿಯಲ್ಲಿ ಕರಗಿಹೋಗುವುದರಿಂದ ತ್ರೈರಾಶಿಯೂ ಕೆಲಸಕ್ಕೆ ಬಾರದು. ಓಟ ನಿಜವಾದದ್ದೇ, ಹೋಲಿಕೆ ಮಾತ್ರ ಸುಳ್ಳು.

ಅದೇ ವರ್ಷದ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. ಪೋಲ್ ವಾಲ್ಟ್ ತಾರೆಗಳಾದ ಸ್ವೀಡನ್ನಿನ ಮೊಂಡೊ ಡುಪ್ಲಾಂಟಿಸ್, ಫ್ರಾನ್ಸಿನ ರೆನೊ ಲಾವಿಲೆನಿ, ಅಮೆರಿಕದ ಸ್ಯಾಮ್ ಕೆಂಡ್ರಿಕ್ಸ್ ತಮ್ಮ ತಮ್ಮ ಹಿತ್ತಲಲ್ಲೇ ಐದು ಮೀಟರಿಗೆ ಪಟ್ಟಿ ಕಟ್ಟಿ, ಮೂವತ್ತು ನಿಮಿಷದಲ್ಲಿ ಯಾರು ಹೆಚ್ಚು ಸಲ ದಾಟುತ್ತಾರೆ ಎಂದು ವಿಡಿಯೊ ಮೂಲಕ ಸ್ಪರ್ಧಿಸಿದರು. ಡುಪ್ಲಾಂಟಿಸ್ 36, ಲಾವಿಲೆನಿ 36, ಕೆಂಡ್ರಿಕ್ಸ್ 26. ಪಟ್ಟಿಯ ಎತ್ತರ ಒಂದೇ, ಗಡಿಯಾರ ಒಂದೇ. ಹಾಗಾಗಿ ಆ ಅಂಕಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಅರ್ಥವಿತ್ತು.

ಮನೆಯ ಪರೀಕ್ಷೆಯಲ್ಲೂ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ತನ್ನ ಏರಿಳಿತ ಎಷ್ಟು ಎಂಬುದನ್ನು. ಒಂದೇ ವಾರದಲ್ಲಿ, ತಾಲೀಮಿನಲ್ಲಿ ಏನೂ ಬದಲಾಗದೆ, ಮೂರು ದಿನ ಜಿಗಿದು ನೋಡಿದಾಗ 41, 43, 42 ಸೆಂ.ಮೀ. ಬಂತೆನ್ನಿ. ಎರಡು ಸೆಂಟಿಮೀಟರ್ ಅಂತರ ಈ ಆಟಗಾರನಿಗೆ ಸಹಜ ಎಂದಾಯಿತು. ಮುಂದಿನ ತಿಂಗಳು 44 ಬಂದರೆ ಸಿಹಿ ಹಂಚುವುದು ಬೇಡ, 47 ಬಂದರೆ ಹಂಚಬಹುದು. ಅದೇ ಬೂಟು, ಅದೇ ನೆಲ, ದಿನದ ಅದೇ ಹೊತ್ತು, ಅದೇ ವಾರ್ಮ್-ಅಪ್. ಇವು ಬದಲಾದರೆ ನೋಟುಬುಕ್ಕಿನಲ್ಲಿ ಪಕ್ಕಕ್ಕೆ ಬರೆದಿಡಬೇಕು. ರಾಯಚೂರಿನ ಮೇ ತಿಂಗಳ ಎರಡು ಕಿಲೋಮೀಟರ್ ಓಟವನ್ನು ಡಿಸೆಂಬರಿನದ್ದರ ಜೊತೆ ಹೋಲಿಸಿ ‘ಫಿಟ್‌ನೆಸ್ ಬಿದ್ದುಹೋಯಿತು’ ಎನ್ನುವುದು ಬಿಸಿಲಿನ ತಪ್ಪನ್ನು ಹುಡುಗನ ತಲೆಗೆ ಕಟ್ಟಿದಂತೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಮಾಡಿದರೆ ಧಾರಾಳವಾಯಿತು. ದಿನವೂ ನೋಡಬಹುದಾದದ್ದು ಎಂದರೆ ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನದ ನಾಡಿ. ಅದು ತನ್ನ ಮಾಮೂಲಿಗಿಂತ ಎಂಟು ಹತ್ತು ಬಡಿತ ಹೆಚ್ಚಾಗಿ ಎರಡು ಮೂರು ದಿನ ಹಾಗೇ ಉಳಿದರೆ ಮೈ ಇನ್ನೂ ಸುಧಾರಿಸಿಕೊಂಡಿಲ್ಲ, ಇಲ್ಲವೇ ಜ್ವರ ಬರುವುದರಲ್ಲಿದೆ.

ಪೂರ್ತಿ ಶಕ್ತಿ ಹಾಕಿ ಓಡುವ ಪರೀಕ್ಷೆಗಳು ಆಟಿಕೆಯಲ್ಲ ಎನ್ನುವುದಕ್ಕೆ ಜಾರ್ಖಂಡ್‌ನಲ್ಲಿ ನಡೆದದ್ದು ಸಾಕ್ಷಿ. 2024ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ಹತ್ತು ಕಿಲೋಮೀಟರ್ ಓಟದ ಪರೀಕ್ಷೆಗಳ ಸಂದರ್ಭದಲ್ಲಿ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು. ಬೆಳಿಗ್ಗೆ ಒಂಬತ್ತರ ನಂತರ ಓಡಿಸಬಾರದು ಎಂದು ಸರ್ಕಾರ ಆಮೇಲೆ ಆದೇಶಿಸಿತು. ಕರ್ನಾಟಕದಲ್ಲೂ ಪೊಲೀಸ್ ಭರ್ತಿಯ 1,600 ಮೀಟರ್ ಓಟಕ್ಕೆ, ಅಗ್ನಿವೀರ ರ‍್ಯಾಲಿಗೆ ಒಬ್ಬೊಬ್ಬರೇ ತಯಾರಿ ನಡೆಸುವ ಹುಡುಗರು ಊರೂರಲ್ಲಿ ಇದ್ದಾರೆ. ಅವರು ಕೂಪರ್ ಓಟವನ್ನಾಗಲಿ ಬೆಂಚಿನ ಪರೀಕ್ಷೆಯನ್ನಾಗಲಿ ಜೊತೆಗೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡೇ ಮಾಡಬೇಕು. ಡೆಂಗಿ, ವೈರಲ್ ಜ್ವರ ಬಂದು ಹೋದವರು ಡಾಕ್ಟರು ಸರಿ ಎನ್ನುವವರೆಗೆ ಕಾಯಬೇಕು. ಓಡುವಾಗ ಎದೆ ಹಿಡಿದಂತಾಗುವುದು, ಕಣ್ಣು ಕತ್ತಲೆ ಬರುವುದು, ಮನೆಯಲ್ಲಿ ಎಳೆಯ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡದ್ದು ಇವುಗಳಲ್ಲಿ ಒಂದಿದ್ದರೂ ಮೊದಲು ಇಸಿಜಿ, ಅಗತ್ಯವಿದ್ದರೆ ಎಕೊ. ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಸಿಗುತ್ತವೆ, ಬೆಂಚು ಹತ್ತುವುದನ್ನು ರಿಪೋರ್ಟು ಬಂದ ಮೇಲೆ ಶುರುಮಾಡಬಹುದು.